ಆ ಚಿತ್ರ ಬರೆದವರು ಯಾರು?

(ಮದ್ದೂರಿನಲ್ಲಿ ಮೇಷ್ಟ್ರುಗಳು, ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತು)



ನಾನು ಓದಿದ ಹೈಸ್ಕೂಲಿನಲ್ಲಿ ಒಬ್ಬ ಹುಡುಗನಿದ್ದ. ನಡಿಗೆ ಮೆದು, ಮಾತು ಮೆದು. ಒಂದು ದಿನ ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಯಾರೋ ಬೋರ್ಡಿನ ಮೇಲೆ ಅವನ ಚಿತ್ರ ಬರೆದರು. ಸೊಂಟ ಬಳುಕಿಸಿ, ಕೈ ಸೊಟ್ಟ ಮಾಡಿ, ಕೆಳಗೆ ‘ಹೆಣ್ಣಿಗ’ ಅಂತ ಗೀಚಿದರು. ಮೇಷ್ಟ್ರು ನಕ್ಕರು. ಕ್ಲಾಸೆಲ್ಲ ನಕ್ಕಿತು. ಕೇರಿಯಿಂದ ಹೋಗಿದ್ದ ನಾನೂ ನಕ್ಕೆ. ಜಾತಿ ಹಿಡಿದು ನನ್ನನ್ನು ಆಡಿಕೊಳ್ಳುತ್ತಿದ್ದವರ ಜೊತೆಯಲ್ಲೇ ಕೂತು ನಕ್ಕೆ. ಅವತ್ತು ನಾನೂ ಅವರಲ್ಲೊಬ್ಬನಾದೆ ಅಂತ ಒಳಗೊಳಗೇ ಹಿಗ್ಗಿದೆ. ಆ ಹುಡುಗ ಮತ್ತೆ ಸ್ಕೂಲಿಗೆ ಬರಲಿಲ್ಲ.

ನಮ್ಮ ಚಿತ್ರವನ್ನೂ ಹೀಗೇ ಬರೆದರಲ್ಲವೇ? ಸಿನಿಮಾದಲ್ಲಿ, ನಾಟಕದಲ್ಲಿ ಕುಡುಕ, ಕೊಳಕ, ಕೈಕಟ್ಟಿ ನಿಂತವ. ಬರೆದವರು ನಾವಲ್ಲ. ಹೆಣ್ಣಿಗ, ಗಂಡುಬೀರಿ ಅನ್ನೋ ಚಿತ್ರ ಬರೆದವರೂ ಆ ಜನರಲ್ಲ. ತಮ್ಮ ಚಿತ್ರ ತಾವೇ ಬರೆದರೆ ಅದು ಬೇರೆ ಥರಾನೇ ಇರುತ್ತೆ. 2013ರಲ್ಲಿ ವಸುಧೇಂದ್ರ ‘ಮೋಹನಸ್ವಾಮಿ’ ಕಥೆಗಳಲ್ಲಿ ಅದನ್ನು ಕನ್ನಡದಲ್ಲೇ ತೋರಿಸಿಕೊಟ್ಟರು.

ಇದು ನಮ್ಮ ಚಳವಳಿಗೆ ಹೊರಗಿನ ಮಾತು ಅನ್ನಬೇಡಿ. ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಪತ್ರಿಕೆ ಓದುಗರ ಲೈಂಗಿಕ ಪ್ರಶ್ನೆಗಳಿಗೆ, ಸಲಿಂಗಪ್ರೇಮದ ಪ್ರಶ್ನೆಗೂ, ಉತ್ತರ ಕೊಟ್ಟಿತು ಅಂತ ಸಂಪಾದಕ ರ. ಧೋಂ. ಕರ್ವೆಯವರ ಮೇಲೆ ಅಶ್ಲೀಲದ ಕೇಸು ಬಿತ್ತು. 1934ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಅವರ ಪರ ವಾದಿಸಿದವರು ಯಾರು? ಬಾಬಾಸಾಹೇಬರು! ಕೇಸು ಸೋತರು. 84 ವರ್ಷ ಕಳೆದು, 2018ರ ಸೆಪ್ಟೆಂಬರ್ 6ರಂದು, ಪರಸ್ಪರ ಒಪ್ಪಿ ಕೂಡಿದ ವಯಸ್ಕರಿಗೆ 377ನೇ ಕಲಂ ಅನ್ವಯಿಸದು ಅಂತ ಸುಪ್ರೀಂ ಕೋರ್ಟು ಹೇಳಿತು. ಕಾನೂನು ಬದಲಾಯ್ತು. ಬೋರ್ಡಿನ ಮೇಲಿನ ಚಿತ್ರ ಹಾಗೇ ಇದೆ.

ಡ್ರಾಯಿಂಗ್ ಮೇಷ್ಟ್ರೇ, ಅದನ್ನು ಅಳಿಸೋ ಕೆಲಸ ನಿಮ್ಮದು. ಸಿನಿಮಾದಲ್ಲಿ ಕಂಡ ‘ಹೆಣ್ಣಿಗ’ನನ್ನು ಮಕ್ಕಳ ಕೈಲೇ ಬರೆಸಿ, ಗೋಡೆಗೆ ಹಚ್ಚಿ ಕೇಳಿ: ಇದನ್ನ ಮೊದಲು ಬರೆದವರು ಯಾರು? ಯಾರನ್ನ ನಗಿಸೋಕೆ? ಊರ ನಾಟಕದಲ್ಲಿ ಗಂಡಸು ದ್ರೌಪದಿಯಾದಾಗ ಚಪ್ಪಾಳೆ ಹೊಡೆದವರು, ಅದೇ ನಡಿಗೆಯ ಹುಡುಗನನ್ನ ಯಾಕೆ ಗೇಲಿ ಮಾಡ್ತೀವಿ? ಮೆತ್ತಗೆ ನಡೆಯೋರೆಲ್ಲ ಸಲಿಂಗಪ್ರೇಮಿಗಳಲ್ಲ, ಸಲಿಂಗಪ್ರೇಮಿಗಳೆಲ್ಲ ಮೆತ್ತಗೆ ನಡೆಯೋರೂ ಅಲ್ಲ.

ಆಮೇಲೆ ಇನ್ನೊಂದು ಹಾಳೆ ಕೊಡಿ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸೋನು, ಮದ್ದೂರಿನ ಮಾರ್ಕೆಟ್ಟಲ್ಲಿ ಎಳನೀರು ಇಳಿಸೋನು, ಮಳವಳ್ಳಿ ಬಸ್ಸಿಗೆ ಕಾಯೋ ಹೆಣ್ಣುಮಗಳು, ಇವರನ್ನ ಬರೆಯೋಕೆ ಹೇಳಿ. ಬರೆದ ಮೇಲೆ ಕೇಳಿ: ಇವರು ಗಂಡನ್ನ ಪ್ರೀತಿಸ್ತಾರೋ ಹೆಣ್ಣನ್ನ ಪ್ರೀತಿಸ್ತಾರೋ, ಚಿತ್ರ ನೋಡಿ ಹೇಳ್ರಪ್ಪ. ಯಾರೂ ಹೇಳಲಾರರು. ಪಾಠ ಅಷ್ಟೇ. ಆದರೆ ‘ನೀನು ಅಂಥವನಾ, ಅಂಥವಳಾ’ ಅಂತ ಯಾವ ಮಗುವನ್ನೂ ಕೇಳಬೇಡಿ. ಹೇಳೋದು ಬಿಡೋದು ಆ ಮಗುವಿನ ಹಕ್ಕು.

ಪ್ರೀತಿ ಮುಖದ ಮೇಲೆ ಬರೆದಿರಲ್ಲ. ಜಾತಿಯೂ ಬರೆದಿರಲಿಲ್ಲ, ಆದರೂ ಓದಿದೆವು ಅಂದರು. ಆ ಸುಳ್ಳು ಓದಿನ ಏಟು ತಿಂದವರು ನಾವು. ಅದೇ ಏಟನ್ನು ಇನ್ನೊಬ್ಬರಿಗೆ ಕೊಡುವಾಗ ಅವತ್ತು ನಾನು ನಕ್ಕ ಹಾಗೆ ನೀವು ನಗಬೇಡಿ. ಎದ್ದುಹೋಗಿ ಬೋರ್ಡು ಒರೆಸಿ.

ಜೈ ಭೀಮ್.