ನಮ್ಮ ಫೋನಿನ ಬಾಗಿಲು ಕಾಯುವವರು ಯಾರು?

(ದೊಡ್ಡನೆಕ್ಕುಂದಿಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಇಲ್ಲಿನ ಕಾರ್ಖಾನೆಯಾಗಲಿ, ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಚೇರಿಯಾಗಲಿ, ಪಾಸ್ ತೋರಿಸದೆ ಗೇಟು ದಾಟುವಂತಿಲ್ಲ. ಕಟ್ಟಡ ಕಂಪನಿಯದು, ನಿಯಮವೂ ಕಂಪನಿಯದು. ಸರಿ. ಆದರೆ ನಾವು ದುಡ್ಡು ಕೊಟ್ಟು ಕೊಂಡ ಫೋನಿನೊಳಗೆ ಯಾವ ತಂತ್ರಾಂಶ ಬರಬೇಕೆಂದು ತೀರ್ಮಾನಿಸುವವರು ಯಾರು?

ಗಣಕಯಂತ್ರಗಳ ಕಾಲದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಇವನ್ನು ಗಣಕಕ್ಕೆ ಹಾಕಿಕೊಳ್ಳಲು ವಿಂಡೋಸ್ ತಯಾರಕರ ಅಪ್ಪಣೆ ಬೇಕಿರಲಿಲ್ಲ. ಗಣಕದಲ್ಲಿ ಕನ್ನಡ ಹಬ್ಬಿದ್ದರಲ್ಲಿ ಈ ಸ್ವಾತಂತ್ರ್ಯದ ಪಾಲು ದೊಡ್ಡದು.

ಸ್ಮಾರ್ಟ್‌ಫೋನ್ ಬಂದಾಗ ಚಿತ್ರ ಬದಲಾಯಿತು. 2008ರಲ್ಲಿ ಆಪಲ್ ಕಂಪನಿ ಐಫೋನಿಗೆ ತನ್ನದೇ ಆಪ್ ಅಂಗಡಿ ತೆರೆಯಿತು; ಜನಸಾಮಾನ್ಯರಿಗೆ ಅದೊಂದೇ ಬಾಗಿಲು. ಗೂಗಲ್‌ನ ಆಂಡ್ರಾಯ್ಡ್ ಮಾತ್ರ ಒಂದು ಪಕ್ಕದ ಬಾಗಿಲನ್ನೂ ಉಳಿಸಿತು. ‘ಎಪಿಕೆ’ ಎಂಬ ಕಡತ ಸಿಕ್ಕರೆ, ಎಚ್ಚರಿಕೆಯ ಸೂಚನೆ ಓದಿ, ಒಪ್ಪಿಗೆ ಕೊಟ್ಟು ಅನುಸ್ಥಾಪಿಸಬಹುದು.

ಕಳ್ಳರು ನುಗ್ಗುವುದೂ ಇದೇ ಬಾಗಿಲಿನಿಂದ. ವಾಟ್ಸ್‌ಆಪ್‌ನಲ್ಲಿ ಲಗ್ನಪತ್ರಿಕೆಯೆಂದೋ ಸಂಚಾರ ದಂಡದ ಚಲನ್ ಎಂದೋ ಒಂದು ಎಪಿಕೆ ಬರುತ್ತದೆ. ಒತ್ತಿದವರ ಫೋನಿನಲ್ಲಿ ಅದು ಎಸ್‌ಎಂಎಸ್ ಓದುವ ಅನುಮತಿ ಪಡೆಯುತ್ತದೆ. ಬ್ಯಾಂಕಿನ ಒಟಿಪಿ ಕಳ್ಳರ ಕೈ ಸೇರುತ್ತದೆ. ತಿಂಗಳ ಸಂಬಳ ನಿಮಿಷದಲ್ಲಿ ಖಾಲಿಯಾಗಬಹುದು. ಆದ್ದರಿಂದ ಭದ್ರತೆಯ ಮಾತನ್ನು ಬರೀ ನೆಪವೆಂದು ತಳ್ಳಿಹಾಕುವಂತಿಲ್ಲ.

ಆದರೆ ಕಾವಲುಗಾರನೇ ಅಂಗಡಿಯ ಯಜಮಾನನೂ ಆದರೆ? ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಅಂಗಡಿಯ ಹೊರಗಿನಿಂದ ಆಪ್ ಹಂಚುವುದಕ್ಕೆ ಅಡ್ಡಿ ಮಾಡಬಾರದೆಂದೂ ಆದೇಶಿಸಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಈ ನಿರ್ದೇಶನವನ್ನು ರದ್ದುಪಡಿಸಿತು. ಯುರೋಪಿನಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು: ಅಲ್ಲಿನ ಕಾನೂನಿಗೆ ಮಣಿದು ಆಪಲ್ 2024ರಲ್ಲಿ ಬೇರೆ ಅಂಗಡಿಗಳಿಗೂ ಎಡೆ ಕೊಟ್ಟಿತು.

2025ರ ಆಗಸ್ಟ್‌ನಲ್ಲಿ ಗೂಗಲ್ ಹೊಸ ಯೋಜನೆ ಪ್ರಕಟಿಸಿತು. ಅಂಗಡಿಯ ಹೊರಗೆ ಆಪ್ ಹಂಚುವವರೂ ತಮ್ಮ ಗುರುತನ್ನು ತನ್ನಲ್ಲಿ ದಾಖಲಿಸಬೇಕು. 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಮೊದಲ ಜಾರಿ ಎಂದಿತು. ಆಕ್ಷೇಪಗಳೆದ್ದವು. ಅಪಾಯ ಅರಿತೇ ಮುಂದುವರಿಯುವ ಬಳಕೆದಾರರಿಗೆ ಬೇರೆ ದಾರಿ ಕೊಡುವುದಾಗಿ ಅದೇ ನವೆಂಬರ್‌ನಲ್ಲಿ ಹೇಳಿತು.

ಗುರುತು ಕೇಳಿದರೆ ಕಳ್ಳರಿಗೆ ಕಷ್ಟವಾದೀತು, ನಿಜ. ಆದರೆ ಹಳ್ಳಿಯ ಹುಡುಗನೊಬ್ಬ ಗೆಳೆಯರಿಗಾಗಿ ಕನ್ನಡದ ಕೀಲಿಮಣೆಯೊಂದನ್ನು ಮಾಡಿದರೆ, ಅದನ್ನು ಹಂಚುವ ಮುನ್ನ ದೂರದ ಕಂಪನಿಯೊಂದಕ್ಕೆ ಅರ್ಜಿ ಹಾಕಬೇಕೆ? ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟಂತಾಗಬಾರದು.

ಕಾವಲುಗಾರ ಇರಲಿ. ಅಪರಿಚಿತರು ಬಂದರೆ ಗಟ್ಟಿಯಾಗಿ ಕೂಗಿ ಎಚ್ಚರಿಸಲಿ, ಎರಡು ಬಾರಿ ಕೇಳಲಿ. ಗೊತ್ತಿಲ್ಲದ ಎಪಿಕೆಯನ್ನು ನಾವೂ ಮುಟ್ಟದಿರೋಣ. ಆದರೆ ಕೊನೆಯ ಮಾತು ಮನೆಯವರದೇ ಆಗಿರಲಿ. ಬೀಗದ ಕೈ ಬೇರೆಯವರಲ್ಲಿರುವ ಮನೆಯಲ್ಲಿ ನಾವು ಬರೀ ಬಾಡಿಗೆದಾರರು.