ಓಟು ಒಂದು, ಪ್ರಶ್ನೆ ಹತ್ತು

(ಕಾರ್ಕಳದಲ್ಲಿ ಅಕ್ಕಿ ಗಿರಣಿ ಮತ್ತು ಗೇರುಬೀಜ ಕಾರ್ಖಾನೆಯ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಜಿಲ್ಲೆಯ ಮತದಾರರ ಮೇಲೆ ಎರಡು ಅಪವಾದಗಳಿವೆ. ಬಿಟ್ಟಿ ಸಿಕ್ಕಿದರೆ ಓಟು ಮಾರುವವರು ಎಂಬುದು ಒಂದು. ಪಡೆದುದಕ್ಕೆ ಕೃತಜ್ಞತೆ ಇಲ್ಲದವರು ಎಂಬುದು ಇನ್ನೊಂದು. ಒಂದೇ ಮನುಷ್ಯನ ಮೇಲೆ ಈ ಎರಡನ್ನೂ ಹೊರಿಸುವುದು ಹೇಗೆ? ಕೊಂಡವನಿಗೆ ಓಟು ಹಾಕದವನು ಮಾರಿಕೊಂಡವನು ಹೇಗಾದಾನು? ಇಂದು ಇದನ್ನೇ ವಿಚಾರಿಸೋಣ.

2023ರ ಮೇ 10ರಂದು ನಾವು ವಿಧಾನಸಭೆಗೆ ಓಟು ಹಾಕಿದೆವು. ಕಾಂಗ್ರೆಸ್ಸು ಐದು ಗ್ಯಾರಂಟಿಗಳನ್ನು ಮುಂದಿಟ್ಟಿತ್ತು. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟಿನವರೆಗೆ ಉಚಿತ ವಿದ್ಯುತ್ತು, ತಲೆಗೆ 10 ಕಿಲೋ ಅಕ್ಕಿ, ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ, ಕೆಲಸ ಸಿಗದ ಪದವೀಧರರಿಗೆ ಭತ್ಯೆ. ರಾಜ್ಯದ 224 ಸ್ಥಾನಗಳಲ್ಲಿ 135 ಆ ಪಕ್ಷಕ್ಕೆ ಬಂದವು. ಉಡುಪಿ ಜಿಲ್ಲೆಯ ಐದಕ್ಕೆ ಐದೂ ಭಾರತೀಯ ಜನತಾ ಪಕ್ಷಕ್ಕೆ ಹೋದವು. ಆಮೇಲೆ ಹಣವೂ ಬಂತು, ಕರೆಂಟಿನ ಬಿಲ್ಲೂ ಇಳಿಯಿತು. ಆದರೂ 2024ರ ಎಪ್ರಿಲಿನಲ್ಲಿ ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವು ಎರಡೂವರೆ ಲಕ್ಷಕ್ಕೂ ಮಿಕ್ಕಿದ ಅಂತರದಿಂದ ಅದೇ ಪಕ್ಷವನ್ನು ಆರಿಸಿತು.

ಹಾಗಾದರೆ ಹೊಟ್ಟೆಯ ಪ್ರಶ್ನೆ ನಮ್ಮವರಿಗೆ ಪ್ರಶ್ನೆಯೇ ಅಲ್ಲವೇ? ಅವಸರ ಬೇಡ. ಮೊದಲು ಬಸ್ಸನ್ನೇ ನೋಡಿ. ಕಾರ್ಕಳದಿಂದ ಮಣಿಪಾಲಕ್ಕೆ, ಕಾಪುವಿನಿಂದ ಉಡುಪಿಗೆ ಓಡುವ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು. ಮೈಸೂರಿನ ಅಕ್ಕ ಟಿಕೇಟಿಲ್ಲದೆ ಕೆಲಸಕ್ಕೆ ಹೋಗುವಾಗ ಹಿರಿಯಡಕದ ಅಕ್ಕ ಕಂಡಕ್ಟರನಿಗೆ ಚಿಲ್ಲರೆ ಎಣಿಸಿ ಕೊಡಬೇಕು. ಇನ್ನು ಅಕ್ಕಿ. ನಾವು ಉಣ್ಣುವುದು ಕುಚ್ಚಲಕ್ಕಿ. ರೇಷನ್ ಅಂಗಡಿಯಲ್ಲಿ ಕುಚ್ಚಲಕ್ಕಿ ಕೊಡಿ ಎಂದು ಕರಾವಳಿ ಎಷ್ಟು ವರ್ಷಗಳಿಂದ ಕೇಳುತ್ತಿದೆ! ಬೆಳ್ತಿಗೆ ಅಕ್ಕಿ ಬಂದರೆ ದೋಸೆಗಾದೀತು, ಮಧ್ಯಾಹ್ನದ ಗಂಜಿಗಾಗದು. ಬೆಂಗಳೂರಿನಲ್ಲಿ ಒಂದೇ ಅಳತೆಯಲ್ಲಿ ಹೊಲಿದ ಅಂಗಿ ಇಲ್ಲಿ ಎಲ್ಲರ ಮೈಗೂ ಹಿಡಿಸಲಿಲ್ಲ. ಹೆಂಗಸರು ಇದನ್ನು ಓಟಿನ ಮುಂಚೆಯೇ ಲೆಕ್ಕ ಹಾಕಿದ್ದರೆ ಅದು ದಡ್ಡತನವಲ್ಲ, ಸಂಸಾರ ನಡೆಸುವವರ ಬುದ್ಧಿ.

ವ್ಯಾಪಾರಿಗಳ ಲೆಕ್ಕ ಬೇರೆ. ಜೀನಸಿನ ಅಂಗಡಿಯವರು ಕೇಳುವುದು, "ಇದರ ಖರ್ಚು ಯಾರ ತಲೆಗೆ?" ಎಂದು. ನೋಟು ರದ್ದತಿಯನ್ನೂ 2017ರ ಜುಲಾಯಿಯ ಜಿ.ಎಸ್.ಟಿ.ಯನ್ನೂ ಕಂಡವರು ಅವರು. ಆ ಪ್ರಶ್ನೆ ನ್ಯಾಯವಾದುದೇ. ಆದರೆ ಗಿರಾಕಿಯ ಕೈಗೆ ಬಂದ ಎರಡು ಸಾವಿರ ಕೊನೆಗೆ ಯಾರ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ ಎಂಬುದನ್ನೂ ಅವರು ಅದೇ ಪುಸ್ತಕದಲ್ಲಿ ಬರೆದುಕೊಳ್ಳಲಿ.

ಧರ್ಮ, ಜಾತಿ, ಪಕ್ಷದ ಅಭಿಮಾನ ಕೆಲಸ ಮಾಡಲಿಲ್ಲವೆಂದು ನಾವು ಹೇಳುವುದಿಲ್ಲ. ಮಾಡಿವೆ, ಧಾರಾಳವಾಗಿ ಮಾಡಿವೆ. ಆದರೆ ಮತದಾರ ಕಲ್ಲಲ್ಲ. 2013ರಲ್ಲಿ ಕಾಪುವೂ ಉಡುಪಿಯೂ ಕಾಂಗ್ರೆಸ್ಸನ್ನು ಆರಿಸಿದ್ದವು. 2023ರಲ್ಲಿ ಅದೇ ದಿನ, ಅದೇ ಐದು ಭರವಸೆಗಳ ಎದುರಿಗೆ, ಉಡುಪಿಯಲ್ಲಿ ಗೆಲುವಿನ ಅಂತರ ಮೂವತ್ತು ಸಾವಿರ ದಾಟಿತು. ನಮ್ಮ ಕಾರ್ಕಳದಲ್ಲಿ ಅದು ಐದು ಸಾವಿರವನ್ನೂ ಮುಟ್ಟಲಿಲ್ಲ.

ನಿಜವಾದ ತೊಡಕು ಬೇರೆಯದು. ಗ್ಯಾರಂಟಿ ಬೇಕೋ ಬೇಡವೋ ಎಂದು ನಮ್ಮನ್ನು ಯಾರೂ ಕೇಳಲೇ ಇಲ್ಲ. ಕೇಳಿದ್ದು ಶಾಸಕ ಯಾರು ಎಂದು. ದೇವಸ್ಥಾನ, ರಸ್ತೆ, ಕೂಲಿ, ಅಕ್ಕಿ, ದಿಲ್ಲಿಯ ಪ್ರಧಾನಿ, ಊರಿನ ಬಂಟ, ಇಷ್ಟಕ್ಕೂ ಒಂದೇ ಗುಂಡಿ. ಅದನ್ನು ಒತ್ತಿದ ಬೆರಳು ಯಾವ ಪ್ರಶ್ನೆಗೆ ಉತ್ತರ ಕೊಟ್ಟಿತೆಂದು ಮರುದಿನ ಪತ್ರಿಕೆಯವರು ಹೇಳುವುದು ಕಣಿ ಹೇಳಿದಂತೆ.

ಸ್ವಿಟ್ಜರ್‌ಲೆಂಡಿನಲ್ಲಿ ಹೀಗಲ್ಲ. ಅಲ್ಲಿ ಒಂದೊಂದು ಪ್ರಶ್ನೆಗೂ ಬೇರೆ ಓಟು. 2012ರಲ್ಲಿ ಎಲ್ಲ ಕೆಲಸಗಾರರಿಗೂ ವರ್ಷಕ್ಕೆ ಆರು ವಾರ ಸಂಬಳದ ರಜೆ ಬೇಕೇ ಎಂದು ಕೇಳಿದರು. ಮೂವರಲ್ಲಿ ಇಬ್ಬರು ಬೇಡವೆಂದರು! ಖರ್ಚು ಹೆಚ್ಚಿ ಕೆಲಸವೇ ಹೋದೀತು ಎಂದು ಮಾಲಕರ ಪಕ್ಷದವರು ಹೆದರಿಸಿದ್ದರು. ಅದೇ ಜನ 2024ರ ಮಾರ್ಚಿನಲ್ಲಿ ಮುದುಕರಿಗೆ ವರ್ಷಕ್ಕೆ ಹದಿಮೂರನೆಯ ತಿಂಗಳ ಪಿಂಚಣಿ ಕೊಡಲು ಶೇಕಡಾ 58ರಷ್ಟು ಓಟಿನಿಂದ ಒಪ್ಪಿದರು. ನಿವೃತ್ತಿಯ ವಯಸ್ಸನ್ನು ಏರಿಸುವ ಸೂಚನೆಯನ್ನು ಅಂದೇ ತಳ್ಳಿಹಾಕಿದರು. ಹಾಗೆಂದು ಅಲ್ಲಿ ಸತ್ಯಯುಗ ಬಂದಿದೆಯೆಂದು ತಿಳಿಯಬೇಡಿ. ಕೆಲಿಫೋರ್ನಿಯಾದಲ್ಲೂ ಇಂಥ ಓಟುಂಟು. 2020ರಲ್ಲಿ ಬಾಡಿಗೆ ಕಾರು ಓಡಿಸುವವರನ್ನು ನೌಕರರೆಂದು ಎಣಿಸಬಾರದೆಂಬ ಸೂಚನೆಗೆ ಊಬರ್ ಮೊದಲಾದ ಕಂಪೆನಿಗಳು 20 ಕೋಟಿ ಡಾಲರಿನಷ್ಟು ಸುರಿದು ಗೆದ್ದವು. ಪ್ರಶ್ನೆಯನ್ನು ಬರೆದವನೇ ಹಣವಂತನಾದರೆ ಬೇರೆ ಓಟಿದ್ದೂ ಕೆಲಸಗಾರ ಸೋಲುತ್ತಾನೆ.

ನಮ್ಮಲ್ಲಿಯೋ, ಎಷ್ಟೋ ಪ್ರಶ್ನೆಗಳು ಪೆಟ್ಟಿಗೆಯ ಹತ್ತಿರವೂ ಸುಳಿಯುವುದಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕು ನಮ್ಮ ಹಿರಿಯರ ಬಾಗಿಲಿಗೆ ಬಂದು ಪಿಗ್ಮಿಯ ಪುಡಿಕಾಸು ಎತ್ತಿದ ಬ್ಯಾಂಕು. 1906ರ ಕಾರ್ಪೊರೇಷನ್ ಬ್ಯಾಂಕೂ ಉಡುಪಿಯ ಮಗುವೇ. 2019ರ ಮೇ ತಿಂಗಳಲ್ಲಿ ಓಟಿನ ಎಣಿಕೆ ಮುಗಿಯಿತು. ಆಗಸ್ಟ್ 30ಕ್ಕೆ ಈ ಬ್ಯಾಂಕುಗಳನ್ನು ಬೇರೆಯವಕ್ಕೆ ಸೇರಿಸುವ ಘೋಷಣೆ ಬಂತು. 2020ರ ಎಪ್ರಿಲ್ 1ಕ್ಕೆ ಎರಡೂ ಹೆಸರುಗಳು ಅಳಿದವು. ಮೂರು ತಿಂಗಳ ಹಿಂದೆ ನಮ್ಮ ಮನೆಗೆ ಕೈಮುಗಿದು ಬಂದವರಲ್ಲಿ ಒಬ್ಬರಾದರೂ ಈ ಮಾತೆತ್ತಿದ್ದರೇ? ನಾವಾದರೂ ಕೇಳಿದ್ದೆವೇ? ಕೇಳಲಿಲ್ಲ. ಆ ತಪ್ಪು ನಮ್ಮದೂ ಹೌದು.

ಒಂದೊಂದೇ ಪ್ರಶ್ನೆಯನ್ನು ಬಿಡಿಸಿ ಕೇಳಬಹುದಾದ ಒಂದು ಜಾಗ ಕಾನೂನಿನಲ್ಲಿ ನಮಗೂ ಇದೆ, ಗ್ರಾಮಸಭೆ. ಮನೆ ಯಾರಿಗೆ, ನೀರಿನ ಪೈಪು ಎಲ್ಲಿಗೆ ಎಂದು ಅಲ್ಲಿ ಬಾಯಿಬಿಟ್ಟು ಹೇಳಬಹುದು. ಆದರೆ ಕೆಲಸದ ದಿನ ಹಗಲು ಹನ್ನೊಂದು ಗಂಟೆಗೆ ಸಭೆ ಕರೆದರೆ ಗಿರಣಿಯಲ್ಲಿ ನಿಂತವರು ಎಲ್ಲಿಂದ ಬರಬೇಕು? ಕಾರ್ಖಾನೆಯಲ್ಲಿ ಬೀಜ ಸುಲಿಯುವ ಅಕ್ಕ ಅರ್ಧ ದಿನದ ಕೂಲಿ ಬಿಟ್ಟು ಬಂದಾಳೇ? ಸಭೆಯನ್ನು ಆದಿತ್ಯವಾರ ಇಲ್ಲವೇ ಸಂಜೆ ಆರರ ಮೇಲೆ ಕರೆಯಬೇಕೆಂದು ಪಂಚಾಯತಿಗಳಿಗೆ ಅರ್ಜಿ ಬರೆದಿದ್ದೇವೆ. ಕಾಗದ ಆ ಮೇಜಿನ ಮೇಲಿದೆ. ಕೊನೆಯ ಬಸ್ಸಿಗೆ ಓಡುವವರು ಮೊದಲು ಸಹಿ ಹಾಕಿ.