ವಿವಾಹದ ಪಾವಿತ್ರ್ಯವೂ ರಾಜ್ಯದ ಶಾಸನವೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



 ನಾನು ಎತ್ತಿಕೊಂಡಿರುವ ವಿಷಯವು ಮಠದ ಸಭೆಗೆ ಉಚಿತವೇ ಎಂದು ಕೆಲವರಿಗೆ ಸಂದೇಹವುಂಟಾಗಬಹುದು. ಪುರುಷನೊಡನೆ ಪುರುಷನು, ಸ್ತ್ರೀಯೊಡನೆ ಸ್ತ್ರೀಯು ವಿವಾಹವಾಗುವುದಕ್ಕೆ ರಾಜ್ಯವು ಮನ್ನಣೆ ಕೊಡಬೇಕೇ, ಕೊಟ್ಟರೆ ವಿವಾಹದ ಪಾವಿತ್ರ್ಯಕ್ಕೆ ಕುಂದುಂಟಾಗುವುದೇ ಎಂಬುದೇ ಆ ವಿಷಯ. ವಿವಾಹವು ಪವಿತ್ರವೆಂದು ಜನರಿಗೆ ಉಪದೇಶಿಸುವ ಸ್ಥಾನಗಳಲ್ಲಿ ಮಠವು ಮುಖ್ಯವಾದುದು. ಆ ಶಬ್ದದ ಹೆಸರಿನಲ್ಲಿ ದೇಶದಲ್ಲಿ ಇಷ್ಟು ದೊಡ್ಡ ವಾದವು ನಡೆದಿರುವಾಗ ಅದರ ಅರ್ಥವನ್ನು ಇಲ್ಲಿ ವಿಚಾರಿಸದೆ ಮತ್ತೆಲ್ಲಿ ವಿಚಾರಿಸಬೇಕು?

ಮೊದಲು ನಡೆದ ಸಂಗತಿಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಆಂಗ್ಲ ಪ್ರಭುತ್ವವು 1860ರಲ್ಲಿ ರಚಿಸಿದ ದಂಡಸಂಹಿತೆಯ 377ನೆಯ ಕಲಮು ಇಂತಹ ಸಂಬಂಧವನ್ನು ಅಪರಾಧವೆಂದು ಎಣಿಸಿತ್ತು. ದೆಹಲಿಯ ಉಚ್ಚ ನ್ಯಾಯಾಲಯವು 2009ರಲ್ಲಿ ಪ್ರಾಪ್ತವಯಸ್ಕರ ಮಟ್ಟಿಗೆ ಅದನ್ನು ಸಡಿಲಿಸಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. 2017ರಲ್ಲಿ, ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ, ಖಾಸಗಿ ಜೀವನವು ಮನುಷ್ಯನ ಮೂಲಭೂತ ಹಕ್ಕೆಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ನಿರ್ಣಯಿಸಿತು. ಅದರ ಆಧಾರದ ಮೇಲೆ 2018ನೆಯ ಸೆಪ್ಟೆಂಬರ್ 6ರಂದು, ಪ್ರಾಪ್ತವಯಸ್ಕರಿಬ್ಬರು ಪರಸ್ಪರ ಸಮ್ಮತಿಯಿಂದ ಕೂಡಿರುವುದು ಅಪರಾಧವಲ್ಲವೆಂಬ ತೀರ್ಪು ಬಂದಿತು.

ಅಪರಾಧವಲ್ಲವೆಂದ ಮೇಲೆ, ವಿವಾಹವೇಕೆ ಕೂಡದು ಎಂಬ ಪ್ರಶ್ನೆಯು ಎದ್ದಿತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಅರ್ಜಿಗಳು ಬಂದವು. ಧರ್ಮಶಾಸ್ತ್ರೀಯ ವಿವಾಹಗಳ ಗೋಜಿಗೆ ಹೋಗದೆ, 1954ರ ವಿಶೇಷ ವಿವಾಹ ಶಾಸನದ ಮಟ್ಟಿಗೆ ಮಾತ್ರ ವಿಚಾರವನ್ನು ನಡೆಸಲಾಯಿತು. ವಿವಾಹವು ಸ್ತ್ರೀಪುರುಷರ ಸಂಬಂಧವೆಂದೇ ಈ ದೇಶದಲ್ಲಿ ಪರಂಪರೆಯಿಂದ ಬಂದಿದೆ, ಅದು ಸಂಸ್ಕಾರವಾಗಿದೆ, ಅದನ್ನು ಬದಲಿಸತಕ್ಕದ್ದಾದರೆ ಸಂಸತ್ತು ಬದಲಿಸಬೇಕೇ ಹೊರತು ನ್ಯಾಯಾಲಯವಲ್ಲವೆಂದು ಕೇಂದ್ರ ಸರಕಾರವು ವಾದಿಸಿತು. 2023ನೆಯ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದ, ವಿವಾಹವಾಗುವ ಹಕ್ಕು ಸಂವಿಧಾನದಲ್ಲಿ ಮೂಲಭೂತವಾಗಿ ಇಲ್ಲವೆಂದೂ, ಆ ಶಾಸನವನ್ನು ತಾವು ತಿದ್ದಲಾರೆವೆಂದೂ ಹೇಳಿದರು. ಇಂತಹ ಜೋಡಿಗಳ ಸಹಜೀವನಕ್ಕೆ ವಿವಾಹವಲ್ಲದ ಬೇರೊಂದು ಮನ್ನಣೆಯನ್ನು ರಾಜ್ಯವು ಕೊಡಬೇಕೇ, ಅವರು ಜೊತೆಯಾಗಿ ದತ್ತು ತೆಗೆದುಕೊಳ್ಳಬಹುದೇ ಎಂಬ ವಿಷಯದಲ್ಲಿ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರೂ ನ್ಯಾಯಮೂರ್ತಿ ಕೌಲರೂ ಹೌದೆಂದರು. ನ್ಯಾಯಮೂರ್ತಿಗಳಾದ ರವೀಂದ್ರ ಭಟ್, ಹಿಮಾ ಕೊಹ್ಲಿ, ನರಸಿಂಹ ಇವರು ಒಪ್ಪಲಿಲ್ಲ. ಪುನರ್ವಿಮರ್ಶೆಯ ಅರ್ಜಿಗಳೂ 2025ನೆಯ ಜನವರಿಯಲ್ಲಿ ವಜಾ ಆದವು. ಹೀಗೆ ಪ್ರಶ್ನೆಯು ನ್ಯಾಯಾಲಯದಿಂದ ಹೊರಟು ಸಂಸತ್ತಿನ ಬಾಗಿಲಿಗೆ, ಎಂದರೆ ನಮ್ಮ ನಿಮ್ಮೆಲ್ಲರ ಬಾಗಿಲಿಗೆ ಬಂದು ನಿಂತಿದೆ.

ಇನ್ನು ಪಾವಿತ್ರ್ಯದ ಮಾತು. ಈ ಶಬ್ದವು ರಾಜಕೀಯದ ಕಣಕ್ಕೆ ಇಳಿದದ್ದು ಇದೇ ಮೊದಲಲ್ಲ. 1856ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರ ಪ್ರಯತ್ನದಿಂದ ವಿಧವಾವಿವಾಹಕ್ಕೆ ಶಾಸನದ ಬೆಂಬಲ ದೊರೆತಾಗ ಧರ್ಮವು ಕೆಟ್ಟಿತೆಂಬ ಕೂಗೆದ್ದಿತು. 1891ರಲ್ಲಿ ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗ ಲೋಕಮಾನ್ಯ ತಿಲಕರಂತಹ ಮಹಾ ದೇಶಭಕ್ತರೂ, ಪರಕೀಯ ಸರಕಾರವು ನಮ್ಮ ಆಚಾರದಲ್ಲಿ ಕೈಹಾಕಕೂಡದೆಂದು ವಿರೋಧಿಸಿದರು. ನಮ್ಮ ಮೈಸೂರು ಸಂಸ್ಥಾನವು 1894ರಲ್ಲಿಯೇ ಶಿಶುವಿವಾಹವನ್ನು ತಡೆಯಲು ಶಾಸನವನ್ನು ಮಾಡಿತು. ಸ್ವತಂತ್ರ ಭಾರತದಲ್ಲಿ ಹಿಂದೂ ಸಂಹಿತೆಯ ಮಸೂದೆಗೆ ಎಷ್ಟು ಪ್ರತಿಭಟನೆಯಾಯಿತೆಂದರೆ, ಅದು ಮುಂದೆ ಸಾಗದೆ ನಿಂತುದಕ್ಕಾಗಿ 1951ರಲ್ಲಿ ಡಾಕ್ಟರ್ ಅಂಬೇಡ್ಕರರು ಮಂತ್ರಿಪದವಿಯನ್ನೇ ತ್ಯಜಿಸಿದರು. ಕಡೆಗೆ 1955ರಲ್ಲಿ ಹಿಂದೂ ವಿವಾಹ ಶಾಸನವು ಬಂದಿತು. ವೀರಶೈವರನ್ನೂ ಲಿಂಗಾಯತರನ್ನೂ ಹೆಸರು ಹೇಳಿ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿರುವ ಶಾಸನವದು. ವಿಚ್ಛೇದನವೂ ಏಕಪತ್ನೀತ್ವವೂ ಅದರಿಂದ ನಮ್ಮ ಮನೆಗಳಿಗೆ ಬಂದವು. ಇವುಗಳಿಂದ ವಿವಾಹವು ಅಪವಿತ್ರವಾಯಿತೆಂದು ಇಂದು ಹೇಳುವವರು ಎಷ್ಟು ಮಂದಿ ಇದ್ದಾರೆ? ಕಲ್ಯಾಣದಲ್ಲಿ ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ನಡೆದ ವಿವಾಹವನ್ನು ಅರಸನು ಸಹಿಸಲಿಲ್ಲವೆಂದು ನಮ್ಮ ಪರಂಪರೆಯು ಹೇಳುತ್ತದಷ್ಟೆ. ಅಲ್ಲಿಯೂ ಶಿಕ್ಷೆಗೆ ಕೊಟ್ಟ ಕಾರಣವು ಧರ್ಮದ ಕಟ್ಟಳೆಯೇ.

ಆದರೆ ಈ ದೃಷ್ಟಾಂತಗಳಿಂದಲೇ ಪ್ರಶ್ನೆಯು ತೀರಿತೆಂದು ನಾನು ಹೇಳುವುದಿಲ್ಲ. ಹಿಂದಿನ ಸುಧಾರಣೆಗಳೆಲ್ಲವೂ ಸ್ತ್ರೀಪುರುಷರ ವಿವಾಹದೊಳಗಿನ ಅನ್ಯಾಯವನ್ನು ತಿದ್ದಿದವು. ಇದಾದರೋ ವಿವಾಹವೆಂಬುದರ ಲಕ್ಷಣವನ್ನೇ ಬದಲಿಸುವುದು ಎಂಬ ಆಕ್ಷೇಪವುಂಟು. ಸಂತಾನವೂ ಕುಲದ ಮುಂದುವರಿಕೆಯೂ ವಿವಾಹದ ಪ್ರಯೋಜನವೆಂದು ಹಿರಿಯರು ನಂಬಿರುವುದು ದ್ವೇಷದಿಂದಲ್ಲ. ಅದು ಬಹುಕಾಲದ ಅನುಭವದಿಂದ ಬಂದ ನಂಬಿಕೆ. ಅದನ್ನು ಗೌರವದಿಂದಲೇ ಕಾಣತಕ್ಕದ್ದು. ಆದರೂ ಒಂದು ಮಾತನ್ನು ಕೇಳಬೇಕಾಗಿದೆ. ಮಕ್ಕಳಾಗದ ದಂಪತಿಗಳ ವಿವಾಹವನ್ನೂ ಮುಪ್ಪಿನಲ್ಲಿ ಪರಸ್ಪರ ಆಸರೆಗಾಗಿ ಕೂಡಿದವರ ವಿವಾಹವನ್ನೂ ನಾವು ಅಪವಿತ್ರವೆನ್ನುವುದಿಲ್ಲ. ಹಾಗಾದರೆ ಪಾವಿತ್ರ್ಯಕ್ಕೆ ಸಂತಾನವೊಂದೇ ಆಧಾರವಲ್ಲವೆಂದಾಯಿತು. ನಿಷ್ಠೆ, ಸತ್ಯ, ಕಷ್ಟದಲ್ಲಿ ಕೈಬಿಡದಿರುವುದು, ಇವೂ ಅದರ ಆಧಾರಗಳೆಂದಾಯಿತು. ಶರಣಸತಿ ಲಿಂಗಪತಿ ಎಂಬ ಭಾವವನ್ನು ಈ ವಾದಕ್ಕೆ ಯಾವ ಪಕ್ಷದವರೂ ಎಳೆದು ತರುವುದು ಉಚಿತವಲ್ಲ. ಅದು ಸಾಧನೆಯ ಮಾತು, ಶಾಸನದ ಮಾತಲ್ಲ.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಎರಡು ವಸ್ತುಗಳು ಬೆರೆತುಹೋಗಿವೆ. ಒಂದು, ಗುರುಹಿರಿಯರ ಸಮಕ್ಷಮದಲ್ಲಿ ನಡೆಯುವ ಸಂಸ್ಕಾರ. ಇನ್ನೊಂದು, ಸರಕಾರದ ದಫ್ತರದಲ್ಲಿ ಆಗುವ ನೋಂದಣಿ. ಮೊದಲನೆಯದನ್ನು ರಾಜ್ಯವು ಕೊಡಲಾರದು, ಕಸಿಯಲೂ ಆರದು. ಎರಡನೆಯದರಿಂದ ಆಸ್ತಿ, ವಾರಸು, ಪಿಂಚಣಿ, ಮಕ್ಕಳ ಪೋಷಣೆಯ ಹೊಣೆ ಮೊದಲಾದ ಲೌಕಿಕ ವ್ಯವಹಾರಗಳು ನಿರ್ಣಯವಾಗುತ್ತವೆ. 1954ರ ಶಾಸನದ ಮೇರೆಗೆ ಮದುವೆಯಾದವರಿಗೆ ಯಾವ ಮಠದ ಆಶೀರ್ವಾದವೂ ಕಡ್ಡಾಯವಲ್ಲ. ಅದರಿಂದ ನಮ್ಮ ಸಂಸ್ಕಾರಕ್ಕೆ ಯಾವ ಲೋಪವೂ ಆಗಿಲ್ಲ. ಪರದೇಶಗಳಲ್ಲಿಯೂ ಈ ಭೇದವನ್ನು ಗುರುತಿಸಿದ್ದಾರೆ. ಇಂಗ್ಲೆಂಡಿನ 2013ರ ಶಾಸನವು ಯಾವ ಧರ್ಮಸಂಸ್ಥೆಯನ್ನೂ ಇಂತಹ ವಿವಾಹ ನಡೆಸೆಂದು ಬಲಾತ್ಕರಿಸುವುದಿಲ್ಲ. ಅಮೆರಿಕದಲ್ಲಿ 2015ರಲ್ಲಿ ಐದಕ್ಕೆ ನಾಲ್ಕು ಮತಗಳ ತೀರ್ಪಿನಿಂದ ಬಂದ ಹಕ್ಕಿಗೆ 2022ರಲ್ಲಿ ಶಾಸನದ ಬೆಂಬಲವನ್ನು ಕೊಟ್ಟಾಗಲೂ ಧರ್ಮಸಂಸ್ಥೆಗಳ ಸ್ವಾತಂತ್ರ್ಯವನ್ನು ಕಾಯ್ದಿಟ್ಟರು. ಐರ್ಲೆಂಡಿನಲ್ಲಿ 2015ರಲ್ಲಿ ಪ್ರಜೆಗಳೇ ಮತ ಕೊಟ್ಟು ಒಪ್ಪಿದರು. ನಮ್ಮಲ್ಲಿಯೂ ಶಾಸನವಾಗುವುದಾದರೆ ಈ ರಕ್ಷಣೆಯನ್ನು ಕೇಳುವ ಅಧಿಕಾರವು ಮಠಗಳಿಗೆ ಉಂಟು. ತಮ್ಮ ಸಂಸ್ಕಾರವನ್ನು ಕಾಪಾಡಿಕೊಳ್ಳುವುದು ನ್ಯಾಯವಾದುದು. ಇನ್ನೊಬ್ಬರ ಲೌಕಿಕ ಹಕ್ಕನ್ನು ತಡೆಯಲು ಆ ಸಂಸ್ಕಾರದ ಹೆಸರನ್ನು ಬಳಸುವುದು ಬೇರೆ ಮಾತು.

ಆ ಲೌಕಿಕ ಹಕ್ಕಿಲ್ಲದೆ ಆಗುವ ಕಷ್ಟವನ್ನು ಸ್ವಲ್ಪ ಆಲೋಚಿಸಿರಿ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಇಬ್ಬರಲ್ಲಿ ಒಬ್ಬರು ಮರಣಶಾಸನವನ್ನು ಬರೆಯದೆ ಕಾಲವಾದರೆ, ಉಳಿದವರಿಗೆ 1956ರ ಉತ್ತರಾಧಿಕಾರ ಶಾಸನದಲ್ಲಿ ವಾರಸುದಾರರ ಸ್ಥಾನವಿಲ್ಲ. ದತ್ತು ತೆಗೆದುಕೊಂಡ ಮಗುವಿಗೆ ಅವರಿಬ್ಬರಲ್ಲಿ ಒಬ್ಬರು ಮಾತ್ರ ಕಾನೂನಿನ ದೃಷ್ಟಿಯಲ್ಲಿ ತಂದೆ ಅಥವಾ ತಾಯಿ. 2024ರಲ್ಲಿ ಕೇಂದ್ರ ಸರಕಾರವು ಒಂದೇ ಪಡಿತರ ಚೀಟಿ, ಜಂಟಿ ಬ್ಯಾಂಕ್ ಖಾತೆ, ಬಂಧುಗಳು ಇಲ್ಲದಾಗ ಸಂಗಾತಿಯ ಶವವನ್ನು ಪಡೆಯುವ ಅವಕಾಶ, ಇವುಗಳ ವಿಷಯದಲ್ಲಿ ಸೂಚನೆಗಳನ್ನು ಹೊರಡಿಸಿತು. ತನ್ನವರ ಶವಸಂಸ್ಕಾರಕ್ಕೂ ಸರಕಾರದ ಸೂಚನೆಯನ್ನು ಕಾಯಬೇಕಾದ ಮನುಷ್ಯನ ಸ್ಥಿತಿಯನ್ನು ಕಂಡು ದಯೆ ಹುಟ್ಟದ ಧರ್ಮವು ಯಾವುದು?

ಕೊನೆಯದಾಗಿ, ಮನೆಯ ಹಿರಿಯರಿಗೆ ನೇರವಾಗಿ ಒಂದು ಮಾತು. ಮಗನಿಗೆ ಸ್ತ್ರೀಯಲ್ಲಿ ಮನಸ್ಸಿಲ್ಲವೆಂದು ತಿಳಿದೂ, ಮದುವೆಯಾದರೆ ಎಲ್ಲವೂ ಸರಿಹೋದೀತೆಂದು, ಲೋಕಾಪವಾದಕ್ಕೆ ಹೆದರಿ, ಏನೂ ಅರಿಯದ ಕನ್ಯೆಯೊಬ್ಬಳನ್ನು ತಂದು ಧಾರೆ ಎರೆಸುವುದುಂಟು. ಮಗಳ ವಿಷಯದಲ್ಲಿಯೂ ಹೀಗೆಯೇ. ಗುರುಗಳ ಪಾದದಡಿಯಲ್ಲಿ, ಬಂಧುಬಳಗದ ಸಾಕ್ಷಿಯಲ್ಲಿ, ಒಂದು ಅಸತ್ಯದ ಮೇಲೆ ಎರಡು ಜೀವಗಳನ್ನು ಕಟ್ಟಿದಂತಾಯಿತು. ಆ ಸೊಸೆಯು ಜೀವನಪರ್ಯಂತ ತನ್ನಲ್ಲಿಯೇ ದೋಷವಿದೆಯೆಂದು ಕೊರಗುತ್ತಾಳೆ. ಬಂಜೆಯೆಂಬ ಮಾತೂ ಅವಳ ತಲೆಗೇ ಬರುತ್ತದೆ. ವಿವಾಹದ ಪಾವಿತ್ರ್ಯವು ಕೆಡುವುದು ದೂರದ ಊರಿನಲ್ಲಿ ಯಾರೋ ಇಬ್ಬರು ನೋಂದಣಿ ಮಾಡಿಸಿಕೊಂಡಾಗಲ್ಲ. ನಮ್ಮ ಮನೆಯ ಚಪ್ಪರದ ಕೆಳಗೆ ಇಂತಹ ವಂಚನೆಯು ನಡೆದಾಗ. 1961ರಿಂದ ನಿಷಿದ್ಧವಾಗಿದ್ದರೂ ನಿಲ್ಲದ ವರದಕ್ಷಿಣೆಯೂ, ಕರ್ನಾಟಕದ ತಿದ್ದುಪಡಿಯು ಆರಂಭದಿಂದಲೇ ಅಸಿಂಧುವೆಂದು ಸಾರಿರುವ ಬಾಲ್ಯವಿವಾಹವೂ ಇದೇ ಸಾಲಿಗೆ ಸೇರಿದವು. ಪಾವಿತ್ರ್ಯರಕ್ಷಣೆಗೆ ಹೊರಡುವವರು ಇಲ್ಲಿಂದ ಹೊರಡಲಿ.

ಮಠವು ಇಂದೇ ತನ್ನ ವಿಧಿಯನ್ನು ಬದಲಿಸಬೇಕೆಂದು ನಾನು ಬಿನ್ನವಿಸುತ್ತಿಲ್ಲ. ಅದು ಶ್ರೀಗಳವರ ವಿವೇಕಕ್ಕೆ ಸೇರಿದುದು. ನಾನು ಕೇಳುವುದು ಮೂರು. ಶಾಸನದ ಚರ್ಚೆಯು ಬಂದಾಗ ತನ್ನ ಸ್ವಾತಂತ್ರ್ಯವನ್ನು ಕಾಯ್ದುಕೊಂಡು, ಇತರರ ಲೌಕಿಕ ಹಕ್ಕಿಗೆ ಮಠವು ಅಡ್ಡಬಾರದಿರಲಿ. ಸಮ್ಮತಿಯಿಲ್ಲದ ಮದುವೆಗೆ ಅದರ ಆಶೀರ್ವಾದವು ದೊರೆಯದಿರಲಿ. ಮನೆಯಿಂದ ಹೊರದೂಡಲ್ಪಟ್ಟ ಮಗನೋ ಮಗಳೋ ಬಾಗಿಲಿಗೆ ಬಂದರೆ, ಯಾರೆಂದು ಕೇಳುವ ಮೊದಲು ಪ್ರಸಾದವನ್ನು ನೀಡಲಿ. ಹಸಿದು ಬಂದವರ ಜಾತಿಯನ್ನು ಕೇಳದಿರುವುದು ದಾಸೋಹದ ಧರ್ಮ. ಈ ಮಕ್ಕಳಿಗೂ ಆ ಪಂಕ್ತಿಯಲ್ಲಿ ಸ್ಥಳವಿರಬೇಕು.